ಶೀತಲ ಮರುಬಳಕೆಯ ಡಾಂಬರು: ಬಲ ಕೂಡುವ ಮೊದಲೇ ಲಾರಿ ಬಿಟ್ಟರೆ?

ಸಂಡೂರು, ತೋರಣಗಲ್ಲು, ಬಳ್ಳಾರಿಯ ನಡುವೆ ಅದಿರು ಲಾರಿಗಳು ಓಡುವ ರಸ್ತೆಗಳಿಗೆ ಡಾಂಬರಿನ ಮೇಲೆ ಡಾಂಬರು ಹಾಕುತ್ತಲೇ ಬರಲಾಗಿದೆ. ಹಳೆಯ ಪದರವನ್ನು ಯಂತ್ರದಿಂದ ಕೆತ್ತಿ, ಬಿಸಿ ಮಾಡದೆ, ಬಿಟುಮೆನ್ ಎಮಲ್ಷನ್ (ಡಾಂಬರಿನ ಅಂಟು ಸಣ್ಣ ಹನಿಗಳಾಗಿ ನೀರಿನಲ್ಲಿ ಬೆರೆತ ದ್ರವ) ಅಥವಾ ನೊರೆ ಎಬ್ಬಿಸಿದ ಬಿಟುಮೆನ್ ಬೆರೆಸಿ ಅಲ್ಲಿಯೇ ಮತ್ತೆ ಹಾಸುವ ವಿಧಾನ ಇಲ್ಲಿಗೆ ಹೊಂದುತ್ತದೆಯೇ ಎಂಬ ಪ್ರಶ್ನೆಗೆ ಇಂಥ ಪದರ ಗಟ್ಟಿ ಎಂದು ಕೆಲವರೂ ಮೆತ್ತನೆ ಎಂದು ಕೆಲವರೂ ಉತ್ತರಿಸುತ್ತಾರೆ. ರಸ್ತೆಯನ್ನು ಹಾಸಿದ ಎಷ್ಟನೆಯ ದಿನ ಅಳೆದರು ಎಂಬುದನ್ನು ಕೇಳಿದರೆ ಎರಡೂ ಮಾತು ನಿಜವಾಗಿರಬಹುದು.

ಈ ವಿಧಾನ ಹೊಸದೇನಲ್ಲ. 1950ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಸಂಶೋಧಕ ಲಾಡಿಸ್ ಸಾನಿ ಬಿಸಿ ಬಿಟುಮೆನ್‌ಗೆ ಹಬೆ ಹಾಯಿಸಿ ನೊರೆ ಎಬ್ಬಿಸಿದರು; ಆಸ್ಟ್ರೇಲಿಯಾದಲ್ಲಿ ಹಬೆಯ ಬದಲು ತಣ್ಣೀರು ಬಂತು; 1973ರ ತೈಲ ಬಿಕ್ಕಟ್ಟು ಮರುಬಳಕೆಗೆ ಬೆಲೆ ತಂದಿತು; ಭಾರತೀಯ ರಸ್ತೆ ಕಾಂಗ್ರೆಸ್ 2015ರಲ್ಲಿ ಐಆರ್‌ಸಿ 120 ಎಂಬ ಮಾರ್ಗಸೂಚಿ ಹೊರತಂದಿತು.

ಬಿಸಿ ಡಾಂಬರು ಆರಿದ ಕೆಲವೇ ಗಂಟೆಗಳಲ್ಲಿ ಬಿಗಿಯಾಗುತ್ತದೆ. ಶೀತಲ ಮಿಶ್ರಣಕ್ಕೆ ಬಲ ಬರುವುದು ಒಳಗಿನ ನೀರು ಹೊರಟಂತೆಲ್ಲ. ಎಮಲ್ಷನ್ ಒಡೆದು ಬಿಟುಮೆನ್ ಹನಿಗಳು ಕಲ್ಲಿಗೆ ಅಂಟಬೇಕು. ನೊರೆ ಬಿಟುಮೆನ್ ಆದರೆ ಪುಡಿಯಂಥ ಸಣ್ಣ ಕಣಗಳಲ್ಲಿ ಹರಡಿ, ದಪ್ಪ ಜಲ್ಲಿಯನ್ನು ಅಲ್ಲಲ್ಲಿ ಬೆಸೆಯಬೇಕು. ಸಾಮಾನ್ಯವಾಗಿ ಶೇ. 1ರಷ್ಟು ಬೆರೆಸುವ ಸಿಮೆಂಟ್ ಒಂದಿಷ್ಟು ನೀರನ್ನು ಹೀರಿ ಆರಂಭದ ಬಲ ಕೊಡುತ್ತದೆ. ಅದನ್ನು ಹೆಚ್ಚಿಸುತ್ತಾ ಹೋದರೆ ಪದರ ಪೆಡಸಾಗಿ ಬಿರುಕು ಬಿಡುತ್ತದೆ. ನೀರು ಹೊರಟುಹೋಗುವವರೆಗೆ ಭಾರ ಹೊರುವುದು ಹೆಚ್ಚಾಗಿ ಜಲ್ಲಿಯ ಒಳಗಿನ ತಿಕ್ಕಾಟ ಮಾತ್ರ. ಬಿಗಿತವೂ ಸೀಳುವ ಬಲವನ್ನು ತಡೆಯುವ ಶಕ್ತಿಯೂ ತಿಂಗಳುಗಟ್ಟಲೆ ಏರುತ್ತಲೇ ಇರುತ್ತವೆ.

ಈ ತಿಂಗಳುಗಳನ್ನು ಪ್ರಯೋಗಾಲಯದಲ್ಲಿ ಮೂರು ದಿನಕ್ಕೆ ಇಳಿಸಲು ಹೊರಟಾಗಲೇ ಗೊಂದಲ ಹುಟ್ಟಿತು. 1970ರ ಸುಮಾರಿಗೆ ಮಾದರಿಗಳನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಇಡುವ ರೂಢಿ ಬಂತು. ಆ ಶಾಖಕ್ಕೆ ಬಿಟುಮೆನ್ ಮೆತ್ತಗಾಗಿ ಹರಿದು, ರಸ್ತೆಯಲ್ಲಿ ಆಗದಷ್ಟು ಚೆನ್ನಾಗಿ ಅಂಟಿಕೊಳ್ಳುತ್ತದೆ ಎಂಬ ಆಕ್ಷೇಪ ಎದ್ದ ಮೇಲೆ 40 ಡಿಗ್ರಿಯ, 72 ಗಂಟೆಯ ಕ್ಯೂರಿಂಗ್ (ನೀರು ಆರಿ ಬಲ ಕೂಡಲು ಬಿಡುವುದು) ಹೆಚ್ಚು ಬಳಕೆಗೆ ಬಂತು. ಮಾದರಿಯನ್ನು ತೆರೆದಿಡಬೇಕೋ, ಚೀಲದಲ್ಲಿ ಮುಚ್ಚಿಡಬೇಕೋ ಎಂಬುದೂ ಸಣ್ಣ ಪ್ರಶ್ನೆಯಲ್ಲ: ತೆರೆದಿಟ್ಟರೆ ನೀರು ಬೇಗ ಆರುತ್ತದೆ, ಮುಚ್ಚಿಟ್ಟರೆ ಸಿಮೆಂಟಿಗೆ ನೀರು ಉಳಿಯುತ್ತದೆ. ಒಂದೇ ಮಿಶ್ರಣಕ್ಕೆ ಬೇರೆ ಬೇರೆ ಫಲಿತಾಂಶ ಬರಲು ಇಷ್ಟು ಸಾಕು. ರಸ್ತೆ ಪದರಗಳ ವಿನ್ಯಾಸದ ಮಾರ್ಗಸೂಚಿಯಾದ ಐಆರ್‌ಸಿ 37ರ 2018ರ ಆವೃತ್ತಿ ಇಂಥ ಪದರಕ್ಕೆ ಸೂಚಿಸುವ 800 ಮೆಗಾಪಾಸ್ಕಲ್ ಬಿಗಿತವು ಕ್ಯೂರಿಂಗ್ ಆದ ಪದರದ್ದು. ನಿನ್ನೆ ಹಾಸಿದ ರಸ್ತೆಯಿಂದ ಅದನ್ನು ನಿರೀಕ್ಷಿಸುವುದು ತಪ್ಪು.

ನಮ್ಮ ಕಡೆಯ ಒಣ ಬೇಸಿಗೆ ಈ ಕೆಲಸಕ್ಕೆ ವರವೇ ಸರಿ. ಆದರೆ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಮೇಲ್ಮೈ ಒಣಗಿದಂತೆ ಕಂಡರೂ ತಳದಲ್ಲಿ ತೇವ ಉಳಿದಿರಬಹುದು. ಆಗಲೇ ಮೇಲೆ ಬಿಸಿ ಡಾಂಬರು ಹಾಕಿದರೆ ಆ ನೀರು ಸಿಕ್ಕಿಹಾಕಿಕೊಳ್ಳುತ್ತದೆ. ಸಿಂಧನೂರು, ಗಂಗಾವತಿಯ ಕಾಲುವೆ ಪ್ರದೇಶದಲ್ಲಿ ಗದ್ದೆಯ ನೀರು ಎರೆ ಮಣ್ಣಿನ ಮೂಲಕ ರಸ್ತೆಯ ಬುಡ ಸೇರುವುದರಿಂದ, ಚರಂಡಿ ಸರಿಪಡಿಸದೆ ಕ್ಯೂರಿಂಗಿಗೆ ಎಷ್ಟು ದಿನ ಕೊಟ್ಟರೂ ಫಲವಿಲ್ಲ. ಸೆಪ್ಟೆಂಬರ್ ಮಳೆಗೆ ಮುಂಚೆ ಪದರ ಆರಿರಬೇಕಾದರೆ ಕೆಲಸ ಬೇಸಿಗೆಯಲ್ಲೇ ಆಗಬೇಕು, ಕಾಯುವ ಅವಧಿ ಅಂದಾಜು ಪಟ್ಟಿಯಲ್ಲೇ ಬರೆದಿರಬೇಕು.

ಅಮೆರಿಕದಲ್ಲಿ ತೇವಾಂಶ ಶೇ. 1.5ಕ್ಕೆ ಇಳಿಯುವವರೆಗೆ, ಸಾಮಾನ್ಯವಾಗಿ ಒಂದೆರಡು ವಾರ, ಮೇಲ್ಪದರ ಹಾಕದೆ ಕಾಯುವ ರೂಢಿಯಿತ್ತು. ಮಳೆ ಹೆಚ್ಚಿರುವ ಐರ್ಲೆಂಡಿನಲ್ಲಿ ರಸ್ತೆಯಿಂದ ಕೊರೆದು ತೆಗೆದ ಮಾದರಿ ಮುರಿಯದೆ ಇಡಿಯಾಗಿ ಬಂದರೆ ಕ್ಯೂರಿಂಗ್ ಆಗಿದೆ ಎಂದು ತಿಳಿಯುತ್ತಾರೆ. ಅದಿರು ಲಾರಿಗಳಿಗೆ ದಾರಿ ಬಿಡುವ ಮುನ್ನ ಇಲ್ಲಿಯೂ ಈ ಎರಡು ಪರೀಕ್ಷೆಗಳನ್ನು ಮಾಡಲು ದೊಡ್ಡ ಖರ್ಚೇನೂ ಬೇಕಿಲ್ಲ.