ಪರಹೊಣೆ: ಗುದ್ದಿದವನು ಒಬ್ಬ, ದುಡ್ಡು ಕಟ್ಟುವವರು ಯಾರು?

ಸಂಜೆ ಏಳೂವರೆ ಅಂದುಕೊಳ್ಳಿ. ಗಾಂಧಿಬಜಾರಿನಲ್ಲಿ ಹೂ ಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಒನ್‌ವೇಯಲ್ಲಿ ಎದುರಿನಿಂದ ನುಗ್ಗಿದ ಸ್ಕೂಟರ್ ಗುದ್ದಿ, ಸೊಂಟದ ಮೂಳೆ ಮುರಿಯುತ್ತದೆ. ಹುಡುಗನ ಬೆನ್ನ ಮೇಲೆ ಕಂಪನಿಯ ಹೆಸರಿನ ಚೀಲ, ಅದರೊಳಗೆ ಯಾರದೋ ಮಸಾಲೆದೋಸೆ. ಗುಂಪಿನಲ್ಲಿ ಒಬ್ಬರು ಹೇಳುತ್ತಾರೆ: “ಈ ಹುಡುಗನ ಹತ್ರ ಏನಿರತ್ತೆ ಪಾಪ, ಕಂಪನಿ ಮೇಲೆ ಕೇಸ್ ಹಾಕ್ಸಿ.”

ಆ ಮಾತಿನ ಹಿಂದಿರುವುದೇ ವೈಕೇರಿಯಸ್ ಲಯಬಿಲಿಟಿ. ಕನ್ನಡದಲ್ಲಿ ‘ಪರೋಕ್ಷ ಹೊಣೆ’ ಎನ್ನುವುದುಂಟು. ನನಗೆ ‘ಪರಹೊಣೆ’ ಹತ್ತಿರವೆನಿಸುತ್ತದೆ. ಹಳೆಯ ಕನ್ನಡದಲ್ಲಿ ಹೊಣೆ (ಪೊಣೆ) ಎಂದರೆ ಜಾಮೀನು ಎಂಬ ಅರ್ಥವೂ ಇತ್ತು. ಒಬ್ಬ ಮಾಡಿದ್ದಕ್ಕೆ ಇನ್ನೊಬ್ಬ ತೆರುವ ಭಾವ ಆ ಪದದಲ್ಲೇ ಇದೆ. ಕೆಲಸಗಾರ ಕೆಲಸದ ನಡುವೆ ಅಜಾಗರೂಕತೆಯಿಂದ ಯಾರಿಗಾದರೂ ಪೆಟ್ಟು ಮಾಡಿದರೆ ಒಡೆಯನೂ ಪರಿಹಾರ ಕೊಡಬೇಕು ಎಂಬುದು ನಿಯಮ. ಒಡೆಯನ ಸ್ವಂತ ತಪ್ಪು ಇರಬೇಕಿಲ್ಲ. ಸರ್ಕಾರಕ್ಕೂ ಇದು ತಪ್ಪಿದ್ದಲ್ಲ: ಸರ್ಕಾರಿ ಜೀಪು ಗುದ್ದಿ ಒಬ್ಬರು ಸತ್ತಾಗ ರಾಜಸ್ಥಾನ ಸರ್ಕಾರವೇ ಪರಿಹಾರ ತೆರಬೇಕೆಂದು ಸುಪ್ರೀಂ ಕೋರ್ಟ್ 1962ರಲ್ಲಿ ಹೇಳಿತು.

ನಿಯಮಕ್ಕೊಂದು ಗಡಿಯೂ ಇದೆ. ಇಂಗ್ಲೆಂಡಿನ 1834ರ ಒಂದು ಪ್ರಕರಣದಲ್ಲಿ ಕುದುರೆಗಾಡಿಯೊಂದು ದಾರಿಹೋಕನಿಗೆ ಬಡಿದಿತ್ತು. ಧಣಿಯ ಕೆಲಸದ ಮೇಲೆ ಹೊರಟ ಆಳು ದಾರಿಯಲ್ಲಿ ಸ್ವಲ್ಪ ಸುತ್ತಿ ಹೋದರೂ ಧಣಿಯೇ ಹೊಣೆ, ತನ್ನದೇ ಚಪಲಕ್ಕೆ ಗಾಡಿ ಹೊಡೆದುಕೊಂಡು ಹೋದರೆ ಮಾತ್ರ ಅಲ್ಲ ಎಂದರು ನ್ಯಾಯಾಧೀಶರು. ಇವತ್ತಿನ ಹುಡುಗನಿಗೆ ಇದನ್ನು ಹಚ್ಚಿ ನೋಡಿ. ಊಟ ಹೊತ್ತು ಗಿರಾಕಿಯ ಮನೆಗೆ ಹೊರಟಿದ್ದರೆ ಅನುಮಾನವಿಲ್ಲ. ಆದರೆ ಆ್ಯಪ್ ತೆರೆದಿಟ್ಟು, ಆರ್ಡರ್ ಬರಲಿ ಎಂದು ಹೋಟೆಲು ಹೆಚ್ಚಿರುವ ಬೀದಿಯತ್ತ ಹೋಗುತ್ತಿದ್ದರೆ ಅದು ಯಾರ ಕೆಲಸ?

ಅದಕ್ಕೂ ಮೊದಲೇ ಕಂಪನಿಯ ವಕೀಲರು ಎತ್ತುವ ಮಾತು ಬೇರೆ: ಅವನು ನಮ್ಮ ಕೆಲಸಗಾರನೇ ಅಲ್ಲ, ಪಾರ್ಟ್ನರ್. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಗಿಗ್ ಕಾರ್ಮಿಕ ಎಂದರೆ ರೂಢಿಯ ಮಾಲೀಕ–ನೌಕರ ಸಂಬಂಧದ ಹೊರಗೆ ದುಡಿಯುವವನು ಎಂದೇ ವಿವರಿಸುತ್ತದೆ. ತಮಾಷೆಯೆಂದರೆ 1932ರ ಪಾಲುದಾರಿಕೆ ಕಾಯಿದೆಯ 26ನೇ ಕಲಮಿನ ಪ್ರಕಾರ, ವ್ಯವಹಾರದ ನಡುವೆ ಪಾಲುದಾರ ಮಾಡಿದ ತಪ್ಪಿಗೆ ಸಂಸ್ಥೆಯೂ ಹೊಣೆ. ನಿಜವಾದ ಪಾಲುದಾರನಾಗಿದ್ದರೂ ತಪ್ಪಿಸಿಕೊಳ್ಳುವಂತಿರಲಿಲ್ಲ! ಈ ‘ಪಾರ್ಟ್ನರ್’ಗೆ ನೌಕರನ ಹಕ್ಕೂ ಇಲ್ಲ, ಲಾಭದಲ್ಲಿ ಪಾಲೂ ಇಲ್ಲ. ಒಪ್ಪಂದದಲ್ಲಿ ಏನೆಂದು ಕರೆದಿದ್ದಾರೆ ಎಂಬುದಕ್ಕಿಂತ ದರ ಯಾರು ಗೊತ್ತುಮಾಡುತ್ತಾರೆ, ಐಡಿ ಯಾರು ಬ್ಲಾಕ್ ಮಾಡುತ್ತಾರೆ ಎಂದು ನೋಡುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಆ ಹೆಂಗಸಿಗೆ ದುಡ್ಡು ಬರುವುದು ಎಲ್ಲಿಂದ? ಸಾಮಾನ್ಯವಾಗಿ ಸ್ಕೂಟರಿನ ಥರ್ಡ್ ಪಾರ್ಟಿ ವಿಮೆಯಿಂದ. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಈ ವಿಮೆ ಕಡ್ಡಾಯ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು ಕಾಯಿದೆ ಹೇಳುತ್ತದೆ. ಬೆಂಗಳೂರಿನಲ್ಲಿ ಇಂಥ ‘ಎಂವಿಸಿ’ (ಮೋಟಾರು ವಾಹನ ಅಪಘಾತ ಪರಿಹಾರದ) ಕೇಸುಗಳು ನಡೆಯುವುದು ಸ್ಮಾಲ್ ಕಾಸಸ್ ಕೋರ್ಟಿನಲ್ಲಿ. ತಪ್ಪು ಯಾರದೆಂದು ಸಾಬೀತು ಮಾಡದೆಯೂ 164ನೇ ಕಲಮಿನಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು. ಕೋರ್ಟಿಗೆ ಮೊದಲು ಕಾಣುವುದು ಆರ್‌ಸಿಯಲ್ಲಿರುವ ಹೆಸರು. ಗಾಡಿ ಭಾವನ ಹೆಸರಿನಲ್ಲಿದ್ದರೆ ಊರಲ್ಲಿ ತಣ್ಣಗೆ ಕೂತ ಭಾವನಿಗೂ ನೋಟಿಸು!

ವಿಮೆ ಕಾಗದವನ್ನೊಮ್ಮೆ ಬಿಡಿಸಿ ನೋಡಿ. ‘ಲಿಮಿಟೇಷನ್ಸ್ ಆಸ್ ಟು ಯೂಸ್’ (ಬಳಕೆಯ ಮಿತಿಗಳು) ಎಂಬ ಸಣ್ಣಕ್ಷರದ ಸಾಲಿನಲ್ಲಿ ಬಾಡಿಗೆಗೆ ಓಡಿಸುವುದು, ಸರಕು ಸಾಗಿಸುವುದು ಸೇರುವುದಿಲ್ಲ ಎಂದಿರುತ್ತದೆ. ವೈಟ್‌ಬೋರ್ಡ್ ಸ್ಕೂಟರಿನಲ್ಲಿ ಊಟ ಹಂಚುತ್ತಿದ್ದ ಎಂದು ವಿಮಾ ಕಂಪನಿ ಕೈ ಕೊಡವಲು ನೋಡುವುದು ಇದನ್ನು ಹಿಡಿದೇ. ಷರತ್ತು ಮುರಿದ ಪ್ರಕರಣಗಳಲ್ಲಿ ಎಷ್ಟೋ ಸಲ ನ್ಯಾಯಾಲಯ ‘ಪೇ ಅಂಡ್ ರಿಕವರ್’ ಎನ್ನುತ್ತದೆ: ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿ. ಗಾಯಾಳುವಿನ ಮಟ್ಟಿಗೆ ಸಮಾಧಾನ. ಆದರೆ ಆ ಲಕ್ಷಗಳು ಸುತ್ತಿಕೊಂಡು ಬರುವುದು ಮತ್ತೆ ಆ ಹುಡುಗನ ಮನೆಗೇ.

ಇನ್ನೂ ತೊಡಕಿನದು ಬಾಡಿಗೆಯ ಪುಟ್ಟ ಎಲೆಕ್ಟ್ರಿಕ್ ಗಾಡಿಗಳದ್ದು. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮೀರದ ಗಾಡಿ ನಿಯಮದ ಕಣ್ಣಿಗೆ ಮೋಟಾರು ವಾಹನವೇ ಅಲ್ಲ. ನಂಬರ್ ಪ್ಲೇಟಿಲ್ಲ, ಡಿಎಲ್ ಬೇಡ, ಕಡ್ಡಾಯ ವಿಮೆಯೂ ಇಲ್ಲ. ಅದು ಗುದ್ದಿದರೆ ಮಾಮೂಲಿ ಸಿವಿಲ್ ದಾವೆಯೇ ಗತಿ. ಪರಹೊಣೆಯ ಪ್ರಶ್ನೆ ಕಂಪನಿಯ ಬಾಗಿಲಿಗೆ ನೇರ ಬಂದು ನಿಲ್ಲುವುದು ಇಲ್ಲೇ. ಆಗ ಹುಡುಗ ಆ ಕ್ಷಣ ಆರ್ಡರ್ ಮೇಲಿದ್ದನೋ ಇಲ್ಲವೋ ಎಂಬುದಕ್ಕೆ ನಿಮಿಷ ನಿಮಿಷದ ದಾಖಲೆ ಇರುವುದು ಕಂಪನಿಯ ಸರ್ವರಿನಲ್ಲಿ. ಆ ಹೆಂಗಸಿನ ಕಡೆಯವರ ಕೈಯಲ್ಲಿರುವುದು, ಗುಂಪಿನಲ್ಲಿ ಯಾರಾದರೂ ಹುಡುಗನ ಮೊಬೈಲ್ ಪರದೆಯ ಫೋಟೋ ತೆಗೆದಿದ್ದರೆ ಅದೊಂದೇ.