ಹಲವು ವರ್ಷ ಬಾಳುವ ಲ್ಯಾಪ್‌ಟಾಪನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಮಗಳು ಈ ವರ್ಷ ಬಿ.ಕಾಂ. ಸೇರಿದ್ದಾಳೆ. ಅವಳಿಗೊಂದು ಲ್ಯಾಪ್‌ಟಾಪ್ ಕೊಡಿಸಬೇಕು. ಮತ್ತೆ ಮತ್ತೆ ಕೊಳ್ಳುವ ಶಕ್ತಿ ನಮಗಿಲ್ಲ. ಓದು ಮುಗಿದು ಕೆಲಸಕ್ಕೆ ಸೇರಿದ ಮೇಲೂ ಬಳಕೆಗೆ ಬರಬೇಕು. ಅಂಗಡಿಯಲ್ಲಿ ಎಲ್ಲರೂ ಪ್ರೊಸೆಸರ್ ಹೆಸರನ್ನೇ ಹೇಳುತ್ತಾರೆ. ನಾವು ಏನು ನೋಡಿ ಕೊಳ್ಳಬೇಕು?

ಉತ್ತರ: ಪ್ರೊಸೆಸರ್ ಮಾತು ಆಮೇಲೆ. ಅಂಗಡಿಯಲ್ಲಿ ನೀವು ಮೊದಲು ಕೇಳಬೇಕಾದದ್ದು ಇದು: ಕೆಳಗಿನ ಮುಚ್ಚಳ ಬಿಚ್ಚಿದರೆ ಒಳಗಿನ ಯಾವ ಯಾವ ಭಾಗವನ್ನು ಬದಲಿಸಬಹುದು?

ಈ ಪ್ರಶ್ನೆ ಕೇಳದೆ ನಾನೊಮ್ಮೆ ಹಣ ಕಳೆದುಕೊಂಡಿದ್ದೇನೆ. ನೋಡಲು ಚೆಂದವಿದ್ದ ತೆಳು ಲ್ಯಾಪ್‌ಟಾಪ್ ಅದು. 4 ಜಿಬಿ ರ‍್ಯಾಮ್ (ತೆರೆದಿಟ್ಟ ಕೆಲಸಗಳನ್ನು ಹಿಡಿದಿಡುವ ತಾತ್ಕಾಲಿಕ ಸ್ಮೃತಿ) ಒಳಗಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿಗೇ ಬೆಸೆದುಕೊಂಡಿತ್ತು. ನಾಲ್ಕನೆಯ ವರ್ಷಕ್ಕೆ ಬ್ರೌಸರಿನಲ್ಲಿ ಐದಾರು ಪುಟ ತೆರೆದರೂ ತಿಣುಕತೊಡಗಿತು. ಪರದೆ, ಕೀಲಿಮಣೆ, ಪ್ರೊಸೆಸರ್ ಎಲ್ಲ ಚೆನ್ನಾಗಿಯೇ ಇದ್ದರೂ ಅದನ್ನು ಮೂಲೆಗಿಡಬೇಕಾಯಿತು. ಮನೆಯಲ್ಲಿ ಅದಕ್ಕಿಂತ ಹಳೆಯ, ದಪ್ಪನೆಯದೊಂದಿತ್ತು. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ರ‍್ಯಾಮ್ ಮತ್ತು ಕಡತಗಳನ್ನು ಇಡುವ ವೇಗದ ಎಸ್‌ಎಸ್‌ಡಿ ತಂದು ಅದಕ್ಕೆ ಹಾಕಿಸಿದೆ. ಅದು ಮತ್ತೆ ಐದು ವರ್ಷ ದುಡಿಯಿತು.

ಹಾಗಾಗಿ ರ‍್ಯಾಮ್‌ನಿಂದ ಶುರುಮಾಡಿ. ವಿವರಪಟ್ಟಿಯಲ್ಲಿ ರ‍್ಯಾಮ್‌ನ ಬಗೆ ಬರೀ ಡಿಡಿಆರ್4, ಡಿಡಿಆರ್5 ಎಂದಿದ್ದರೆ, ಅದನ್ನು ತೆಗೆದು ಹಾಕಲು ಬರುವ ಸ್ಲಾಟ್ ಇರುವ ಸಾಧ್ಯತೆ ಇದೆ. ಎಲ್‌ಪಿಡಿಡಿಆರ್ ಎಂದಿದ್ದರೆ ಸಾಮಾನ್ಯವಾಗಿ ಅದು ಬೋರ್ಡಿಗೇ ಸೋಲ್ಡರ್ ಆಗಿರುತ್ತದೆ, ಮುಂದೆ ಹೆಚ್ಚಿಸಲು ಬರುವುದಿಲ್ಲ. ಅಂಥದ್ದನ್ನು ಕೊಳ್ಳುವುದಾದರೆ ಇವತ್ತೇ 16 ಜಿಬಿ ಇರುವುದನ್ನು ಕೊಳ್ಳಿ. 8 ಜಿಬಿ ಬೋರ್ಡಿನಲ್ಲಿದ್ದು ಪಕ್ಕದಲ್ಲೊಂದು ಸ್ಲಾಟ್ ಖಾಲಿ ಇದ್ದರೆ ಅದೂ ಒಳ್ಳೆಯ ಏರ್ಪಾಡೇ. ಈಗ ಹಣ ಉಳಿಸಿ ಎರಡು ವರ್ಷ ಬಿಟ್ಟು ಹಾಕಿಸಿಕೊಳ್ಳಬಹುದು. ಅಂಗಡಿಯವರ ಬಾಯಿಮಾತನ್ನು ನಂಬಬೇಕಿಲ್ಲ. ಲೆನೊವೊ, ಡೆಲ್, ಎಚ್‌ಪಿ ಕಂಪನಿಗಳು ತಮ್ಮ ಮಾದರಿಗಳ ದುರಸ್ತಿ ಕೈಪಿಡಿಯನ್ನು ತಮ್ಮ ಜಾಲತಾಣದಲ್ಲೇ ಉಚಿತವಾಗಿ ಇಟ್ಟಿವೆ. ಕೊಳ್ಳುವ ಹಿಂದಿನ ರಾತ್ರಿ ಅರ್ಧ ಗಂಟೆ ಅದನ್ನು ತಿರುವಿಹಾಕಿ. ಬ್ಯಾಟರಿ ಸ್ಕ್ರೂ ಮೇಲೆ ಕೂತಿದೆಯೇ, ಅಂಟಿನ ಮೇಲೆಯೇ, ಕೀಲಿಮಣೆ ಮಾತ್ರ ಬದಲಿಸಬಹುದೇ ಎಂಬುದೆಲ್ಲ ಚಿತ್ರಸಮೇತ ಸಿಗುತ್ತದೆ.

ಈಗ ಪ್ರೊಸೆಸರ್. ಮಗಳ ಟ್ಯಾಲಿ, ಎಕ್ಸೆಲ್, ಆನ್‌ಲೈನ್ ಪಾಠಗಳಿಗೆ ಇತ್ತೀಚಿನ ಸಾಧಾರಣ ಪ್ರೊಸೆಸರ್ ಧಾರಾಳವಾಗಿ ಸಾಕು. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶವಾದ್ದರಿಂದ ಕ್ರೋಮ್‌ಬುಕ್, ಮ್ಯಾಕ್‌ಬುಕ್ ಗೊಡವೆ ಬೇಡ. ಎಚ್ಚರ ಬೇಕಿರುವುದು ಹೆಸರಿನ ವಿಷಯದಲ್ಲಿ. ಎಎಂಡಿ ಕಂಪನಿಯ ರೈಜನ್ 5 7520ಯು ಮತ್ತು ರೈಜನ್ 5 7530ಯು ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಈ 7000 ಸರಣಿಯಲ್ಲಿ ಒಳಗಿನ ವಿನ್ಯಾಸ ಎಷ್ಟು ಹಳೆಯದು ಎಂದು ಹೇಳುವುದು ಮೂರನೆಯ ಅಂಕಿ. 2 ಎಂದರೆ 2019ರಲ್ಲಿ ಬಂದ ಝೆನ್ 2 ಎಂಬ ವಿನ್ಯಾಸ, 3 ಎಂದರೆ ಅದರ ಮುಂದಿನ ತಲೆಮಾರು. 7520ಯು ಇರುವ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಕೂಡ ಎಲ್‌ಪಿಡಿಡಿಆರ್5, ಅಂದರೆ ಬೆಸೆದದ್ದು. 8 ಜಿಬಿಯ ಅಂಥ ಯಂತ್ರವನ್ನು ದೀರ್ಘ ಬಾಳಿಕೆಗೆಂದು ಕೊಳ್ಳಬೇಡಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ.

ಹಳೆಯ ತಲೆಮಾರಿನ ಪ್ರೊಸೆಸರಿನಿಂದ ಇನ್ನೊಂದು ತೊಂದರೆಯಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ 7ನೇ ತಲೆಮಾರಿನ ಬಹುತೇಕ ಪ್ರೊಸೆಸರುಗಳು ಅರ್ಹವಾಗಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ, ಅಂದರೆ ಎಂದಿನ ಭದ್ರತಾ ಅಪ್‌ಡೇಟುಗಳು, ಮುಗಿದಾಗ, ಇನ್ನೂ ಗಟ್ಟಿಮುಟ್ಟಾಗಿದ್ದ ಎಷ್ಟೋ ಯಂತ್ರಗಳು ಇಕ್ಕಟ್ಟಿಗೆ ಸಿಕ್ಕಿಕೊಂಡವು. ರಿಯಾಯಿತಿ ದರದ ಹಳೆಯ ದಾಸ್ತಾನು ಕಂಡಾಗ ಇದು ನೆನಪಿರಲಿ.

ಕೊಳ್ಳುವ ಮುನ್ನ ಮುಚ್ಚಳವನ್ನು ಒಂದೆರಡು ಸಲ ತೆರೆದು ಮುಚ್ಚಿ. ಅಗ್ಗದ ಮಾದರಿಗಳಲ್ಲಿ ಹಿಂಜ್ (ಮುಚ್ಚಳದ ಕೀಲು) ಹಿಡಿದಿರುವುದು ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ ಪುಟ್ಟ ಹಿತ್ತಾಳೆ ನಟ್ಟುಗಳು. ಮೂಲೆ ಹಿಡಿದು ಎತ್ತುವ ಅಭ್ಯಾಸವಿದ್ದರೆ ಭಾರವೆಲ್ಲ ಒಂದೇ ಬದಿಗೆ ಬಿದ್ದು ಅಲ್ಲಿ ಬಿರುಕು ಬಿಡುತ್ತದೆ. ನಡುವೆ ಹಿಡಿದು ತೆರೆಯುವುದನ್ನು ಮಗಳಿಗೆ ಮೊದಲ ದಿನವೇ ರೂಢಿ ಮಾಡಿಸಿ.

ಬ್ಯಾಟರಿಯ ಬಗ್ಗೆ ಮನೆಮನೆಗಳಲ್ಲಿ ಉಳಿದಿರುವ ಒಂದು ನಂಬಿಕೆಯನ್ನು ಬಿಡಿಸಬೇಕು. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕೆಂಬ ಮಾತು ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಈಗಿನ ಲಿಥಿಯಂ ಅಯಾನ್ ಬ್ಯಾಟರಿಗೆ ಅದರಿಂದ ಕೆಡುಕೇ ಹೆಚ್ಚು. ಇದನ್ನು ಸವೆಸುವುದು ಎರಡು ಸಂಗತಿ: ಸದಾ ನೂರಕ್ಕೆ ನೂರು ತುಂಬಿರುವುದು ಮತ್ತು ಬಿಸಿ. ಪೂರ್ತಿ ತುಂಬಿದಾಗ ಒಳಗಿನ ವೋಲ್ಟೇಜ್ ಏರಿ, ಬೇಡದ ರಾಸಾಯನಿಕ ಕ್ರಿಯೆಗಳು ಚುರುಕಾಗುತ್ತವೆ. ಬಿಸಿ ಅವನ್ನು ಇನ್ನಷ್ಟು ಓಡಿಸುತ್ತದೆ. ದಿನವಿಡೀ ಚಾರ್ಜರಿಗೆ ಸಿಕ್ಕಿಸಿಯೇ ಬಳಸುವವರಿಗಾಗಿ ಚಾರ್ಜನ್ನು ಶೇ 80ರ ಆಸುಪಾಸಿನಲ್ಲಿ ನಿಲ್ಲಿಸುವ ಸೌಲಭ್ಯ ಬಹಳಷ್ಟು ಮಾದರಿಗಳಲ್ಲಿದೆ. ಲೆನೊವೊದಲ್ಲಿ ವಾಂಟೇಜ್, ಏಸಸ್‌ನಲ್ಲಿ ಮೈಏಸಸ್ ತಂತ್ರಾಂಶ ತೆರೆದರೆ ಸಿಗುತ್ತದೆ. ಮನೆಯಲ್ಲಿರುವಾಗ ಅದನ್ನು ಆನ್ ಮಾಡಿಟ್ಟು, ಪ್ರಯಾಣದ ಹಿಂದಿನ ದಿನ ತೆಗೆದರಾಯಿತು. ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಅದರ ಕೆಳಗಿನ ಬ್ಯಾಟರಿ ಊದಿಕೊಂಡಿರಬಹುದು. ಆಗ ಚಾರ್ಜ್ ಮಾಡುವುದನ್ನು ಅಂದೇ ನಿಲ್ಲಿಸಿ ದುರಸ್ತಿಗೆ ಒಯ್ಯಿರಿ.

 

ಬಿಸಿಯ ಮಾತಿಗೆ ಬಂದರೆ, ಹೆಚ್ಚಿನ ಲ್ಯಾಪ್‌ಟಾಪುಗಳು ಗಾಳಿ ಎಳೆದುಕೊಳ್ಳುವುದು ತಳದ ಕಿಂಡಿಗಳಿಂದ. ಹಾಸಿಗೆಯ ಮೇಲಿಟ್ಟರೆ ಕಿಂಡಿ ಮುಚ್ಚಿ, ಫ್ಯಾನಿನೊಳಗೆ ಹತ್ತಿಯ ಎಳೆ, ಧೂಳು ಸೇರಿ ಗಟ್ಟಿಯಾಗುತ್ತದೆ. ಎರಡು ವರ್ಷಕ್ಕೊಮ್ಮೆಯಾದರೂ ಬಿಚ್ಚಿಸಿ ಫ್ಯಾನ್ ಸ್ವಚ್ಛ ಮಾಡಿಸಿ. ಅದೇ ಹೊತ್ತಿಗೆ ಪ್ರೊಸೆಸರ್ ಮೇಲಿನ, ಬಿಸಿಯನ್ನು ಹೊರಕ್ಕೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸದು ಹಚ್ಚಿಸಿ. ಮಗಳು ಹಾಸ್ಟೆಲಿನಲ್ಲಿದ್ದು ಅಲ್ಲಿ ಮೇಜಿಲ್ಲದಿದ್ದರೆ, ಲ್ಯಾಪ್‌ಟಾಪಿನ ಜೊತೆಗೆ ಒಂದು ಅಗಲವಾದ ಮರದ ಹಲಗೆಯನ್ನೂ ಕೊಟ್ಟು ಕಳುಹಿಸಿ.