ಕುಪವಾಡದ ಸೊಪ್ಪು

ಭಾಷಾವಿಜ್ಞಾನದ ಮೇಷ್ಟ್ರು ಅಂತ ಗೊತ್ತಾದ ತಕ್ಷಣ ಜನ ಕೇಳೋದು ಒಂದೇ, ಸಾರ್ ಕನ್ನಡದೊಳಗೆ ಇಷ್ಟೊಂದು ಇಂಗ್ಲಿಷ್ ಪದ ಸೇರ್ಕೊಂಡು ಹಾಳಾಗೋಯ್ತಲ್ವಾ ಅಂತ. ಪದದ ಮಾತು ಬಿಡಿ, ಅದು ಎದ್ದು ಕಾಣುತ್ತೆ, ಬೇಡ ಅಂದ್ರೆ ಎತ್ತಿ ಆಚೆ ಇಡಬಹುದು. ವಾಕ್ಯ ಕಟ್ಟೋ ರೀತಿನೇ ಪಕ್ಕದ್ಮನೆಯಿಂದ ಬಂದ್ರೆ ಯಾರಿಗೂ ಗೊತ್ತೇ ಆಗಲ್ಲ.

ಇದಕ್ಕೆ ಕ್ಲಾಸಲ್ಲಿ ನಾನು ಯಾವಾಗ್ಲೂ ಹೇಳೋದು ಮಹಾರಾಷ್ಟ್ರದ ಕುಪವಾಡದ ಕತೆ. ಈಗ ಸಾಂಗ್ಲಿ, ಮಿರಜ್ ಜೊತೆ ಸೇರಿ ಮಹಾನಗರಪಾಲಿಕೆ ಆಗಿದೆ, ಗಂಪರ್ಜ್ ಮತ್ತೆ ವಿಲ್ಸನ್ ಅನ್ನೋ ಸಂಶೋಧಕರು 1971ರಲ್ಲಿ ಅಲ್ಲಿನ ಮಾತಿನ ಬಗ್ಗೆ ಬರೆದಾಗ ಸುಮಾರು 3000 ಜನರ ಹಳ್ಳಿ. ಜೈನರದ್ದು ಕನ್ನಡ, ಮುಸ್ಲಿಮರದ್ದು ಉರ್ದು, ದಲಿತರು ಕೂಲಿಯವರದ್ದು ಮರಾಠಿ, ಹಗ್ಗ ಹೊಸೆಯೋರದ್ದು ತೆಲುಗು. ಹೊಲದಲ್ಲಿ ವ್ಯಾಪಾರದಲ್ಲಿ ದಿನಾ ಎರಡು ಮೂರು ಭಾಷೆ ಆಡೋದು, ಮನೆಗೆ ಬಂದ್ರೆ ಅವರವರದ್ದೇ, ಹಿಂಗೇ ಶತಮಾನಗಳು ಕಳೆದಿವೆ.

ಅಲ್ಲಿನ ಉರ್ದುನಲ್ಲಿ 'ಪಾಲಾ ಜರಾ ಕಾಟ್ ಕೆ ಲೇ ಕೆ ಆಯಾ', ಮರಾಠಿಲಿ 'ಪಾಲಾ ಜರಾ ಕಾಪೂನ್ ಘೇವೂನ್ ಆಲೋ'. ಇದರ ಕೆಳಗೆ ನಮ್ಮ 'ಸೊಪ್ಪು ಒಂಚೂರು ಕೊಯ್ದು ತಗೊಂಡು ಬಂದೆ' ಇಟ್ಟು ನೋಡಿ, ಒಂದೊಂದು ತುಂಡೂ ಅದೇ ಜಾಗದಲ್ಲಿ ಕೂರುತ್ತೆ.

ನಂಗೆ ಇದಕ್ಕಿಂತ ಇಷ್ಟ ಆಗೋದು ನದಿ ಉದಾಹರಣೆ. ಉರ್ದುನಲ್ಲಿ ನದಿ ಹೆಣ್ಣು, 'ನದೀ ಆಯೀ' ಅನ್ಬೇಕು. ಕುಪವಾಡದೋರು 'ನದೀ ಆಯಾ' ಅಂತಾರೆ, ಯಾಕಂದ್ರೆ ಕನ್ನಡದಲ್ಲಿ ಗಂಡು ಹೆಣ್ಣು ಭೇದ ಮನುಷ್ಯರಿಗೆ ಮಾತ್ರ, ನದಿ ಬಂತು ಅಷ್ಟೇ (ಕಾವೇರಿ ತಾಯಿ ಅಂತ ಕೈ ಮುಗಿಯೋದು ಬೇರೆ ವಿಷ್ಯ). ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ ಇದು, ಬೆಳಿಗ್ಗೆಯಿಂದ ಸಂಜೆವರೆಗೆ ಭಾಷೆ ಬದಲಾಯಿಸ್ತಾ ಇರೋನಿಗೆ ಪದ ಬದಲಾಯಿಸಿದ್ರೆ ಸಾಕಾಗಿತ್ತು, ನಿಯಮನೂ ಪ್ರತಿಸಲ ಬದಲಾಯಿಸೋ ರಗಳೆ ಯಾಕೆ.

ಕನ್ನಡ ಏನು ಬರೀ ಕೊಟ್ಟುಕೊಂಡು ಕೂತಿರ್ಲಿಲ್ಲ. ನಾವು ಬೆಂಗಳೂರಲ್ಲಿ 'ಇದು ನಿಮ್ಮ ಮನೆ' ಅಂದು ಮುಗಿಸ್ತೀವಿ, ಕ್ರಿಯಾಪದನೇ ಬೇಡ. ಅಲ್ಲಿ 'ಇದ ನಿಮ್ಮ ಮನಿ ಐತಿ'. ಮರಾಠಿಯ 'ಆಹೆ' ಇದೆಯಲ್ಲ, ಅದು ಕೂರೋ ಜಾಗದಲ್ಲಿ ನಮ್ಮ 'ಐತಿ' ಕೂತಿದೆ.

ಇದನ್ನ ಬೋರ್ಡ್ ಮೇಲೆ ಬರೆದ ದಿನ ಅಥಣಿ ಕಡೆ ಹುಡುಗ ಒಬ್ಬ ಎದ್ದು ನಿಂತು, "ಸರ, ನಮ್ಮ ಆಯಿನೂ ಹಿಂಗ ಮಾತಾಡ್ತಾಳ್ರಿ, ಹಂಗಾದ್ರ ಅದು ಕನ್ನಡ ಅಲ್ಲೇನ್ರಿ?" ಅಂದ. ಆಯಿನ್ನೇ ಕೇಳಪ್ಪಾ ಅಂದೆ. ರಾತ್ರಿ ಫೋನ್ ಮಾಡಿ ಕೇಳಿದ್ನಂತೆ.

"ನಿಮ್ಮ ಸರಗ ತಲಿ ಕೆಟ್ಟೈತೇನು" ಅಂದ್ರಂತೆ ಆಯಿ.